ಹೆಪ್ಪು

ರಾತ್ರಿ ಎಂಟಕ್ಕೆ ಅವ್ವ ಹಾಲಿಗೆ ಹೆಪ್ಪು ಹಾಕುತ್ತಾಳೆ.
ಎಂಟಕ್ಕೇ ನಾನು ಡಬ್ಬಿ ತೆಗೆಯುತ್ತೇನೆ.

ಕೊಲ್ಹಾರದ ಮೊಸರು ನಮ್ಮದು.
ಗಡಿಗೆ ಬೋರಲು ಹಾಕಿದರೂ ಬೀಳದ್ದು,
ಅರಿವೆಯಲ್ಲಿ ಗಂಟು ಕಟ್ಟಿ ಸೊಲ್ಲಾಪುರದ ತನಕ ಒಯ್ಯುವಂಥದ್ದು.
ಬಸ್ಸಿನ ಕಿಟಕಿಗೆ ಗಡಿಗೆ ಎತ್ತಿ ಹಿಡಿದು ಹಿಡಿದು
ಅವ್ವ ನನ್ನನ್ನು ಓದಿಸಿದ್ದು ಈ ಗಟ್ಟಿತನದಿಂದಲೇ.

ಡಾಕ್ಟರು ಅಂದರು,
ಎಡಗಾಲಿನ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದೆ,
ಚೂರೊಂದು ಎದೆಗೂ ಹೋಗಿದೆ.
ಅದೇ ಶಬ್ದ.
ನನಗೆ ನಗು ಬಂತು, ಹೊಲಿಗೆ ಎಳೆಯಿತು, ನಿಲ್ಲಿಸಿದೆ.
ಬಾಗಿಲಲ್ಲಿದ್ದ ಅವ್ವ ತನ್ನ ಕೈ ನೋಡಿಕೊಂಡಳು,
ತಾನೇ ಹಾಕಿಬಿಟ್ಟೆನೇನೋ ಎಂಬಂತೆ.

ಹೊಟ್ಟೆ ಕೊಯ್ದು ಕೂಸನ್ನು ತೆಗೆದ ಮೂರನೇ ದಿನ ಜ್ವರ.
ಏಳನೇ ದಿನ ಕಾಲು ನನ್ನದಲ್ಲದಂತೆ ಬಾತಿತ್ತು.
ಒಂಬತ್ತಕ್ಕೆ ಉಸಿರು ಅರ್ಧ ದಾರಿಗೇ ಹೊರಳಿ ಬರುತ್ತಿತ್ತು.
ಹನ್ನೆರಡನೇ ದಿನ, ಇಲ್ಲಿ ತೊಟ್ಟಿಲು ಕಟ್ಟಬೇಕಾದ ಹೊತ್ತಿಗೆ,
ಬಾಗಲಕೋಟೆಯ ದವಾಖಾನೆಯಲ್ಲಿ ಸಿಸ್ಟರ್ ಮೆಹರಾಜ
ನನ್ನ ಕೈಗೇ ಸಿರಿಂಜು ಕೊಟ್ಟಳು.

"ಹೊಕ್ಕಳ ಬಿಟ್ಟು ಮೂರು ಬಟ್ಟು ದೂರ.
ಮುಂಜಾನಿ ಬಲಕ್ಕ, ರಾತ್ರಿ ಎಡಕ್ಕ.
ತೊಗಲ ಚಿವುಟಿ ಹಿಡಿ. ಒಳಗಿನ ಗಾಳಿಗುಳ್ಳಿ ಇರಲಿ ಬಿಡು.
ನೆಟ್ಟಗ ಚುಚ್ಚು. ಹತ್ತು ಎಣಿಸು.
ಆಮ್ಯಾಲ ತಿಕ್ಕಬ್ಯಾಡ."
"ನೀವ ಮಾಡ್ರಿ."
"ದಿನಾ ಎರಡು ಸಲ ಕೊಲ್ಹಾರಕ್ಕ ನಾ ಬರ್ಲೇನವ್ವಾ?"

ಶಿವಪುತ್ರ ಜೆಸಿಬಿ ನಡೆಸುವವ, ಗುಡ್ಡ ಅಗೆಯುವ ಕೈ.
ಆ ಕೈ ಒಮ್ಮೆ ಸಿರಿಂಜು ಹಿಡಿದು, ನಡುಗಿ,
ಮರಳಿ ಟ್ರೇದಲ್ಲಿಟ್ಟಿತು. ನಾನು ಬೈಯಲಿಲ್ಲ.

ಮೊದಲ ರಾತ್ರಿ ಮನೆಯಲ್ಲಿ
ನನ್ನ ಬಲಗೈ ನನ್ನ ಮಾತು ಕೇಳಲಿಲ್ಲ.
ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ.
ಕೂಸು ಅತ್ತಿತು,
ಕೇಳಿದ್ದೇ ತಡ ಕುಪ್ಪಸ ತೊಯ್ದು ಹೋಯಿತು.
ಹಾಲಿಗೆ ಯಾರೂ ಹೇಳಬೇಕಿಲ್ಲ ಹರಿ ಎಂದು.
ಸಿಟ್ಟು ಬಂತು ರಕ್ತದ ಮೇಲೆ. ಚುಚ್ಚಿದೆ.
ನೋವು ಸೂಜಿಯದ್ದಲ್ಲ, ಔಷಧದ್ದು,
ಕೆಂಪಿರುವೆ ಕಚ್ಚಿ ಬಾಯಿ ಬಿಡದ ಹಾಗೆ.

ದೀಪ ಹಚ್ಚಿದ ಮೇಲೆ ಸೂಜಿಯ ಹೆಸರೆತ್ತದ ಮನೆ ಇದು.
ಕೇಳಬಂದವರಿಗೆ "ಮುಂಜಾನಿ ಬಾರ" ಎನ್ನುವ ಅವ್ವ
ಈಗ ಗೋಡೆ ಕಡೆ ಮುಖ ಮಾಡಿ ಕೇಳುತ್ತಾಳೆ:
"ಅದು... ಆತೇನ?"

ಏಪ್ರಿಲ್ಲಿನ ಬಿಸಿಲು. ಫ್ರಿಜ್ಜಿಲ್ಲ.
ಹಸಿ ಉಸುಕಿನ ಮೇಲೆ ಮೊಸರಿನ ಗಡಿಗೆ,
ಅದರ ಮಗ್ಗುಲಲ್ಲೇ ನನ್ನ ಸ್ಟೀಲಿನ ಡಬ್ಬಿ.
ಗಟ್ಟಿಯಾಗುವುದಕ್ಕೂ ತೆಳುವಾಗುವುದಕ್ಕೂ ಒಂದೇ ತಂಪು.

ಡಬ್ಬಿಯ ಚೀಟಿಯಲ್ಲಿ ಸಣ್ಣ ಅಕ್ಷರ:
ಹಂದಿಯ ಕರುಳಿನಿಂದ ತೆಗೆದದ್ದು.
ಮೈ ತೊಳೆಯದೆ ಹೆಪ್ಪಿನ ಬಟ್ಟಲು ಮುಟ್ಟದ ಅವ್ವ
"ಏನ ಬರದೈತಿ?" ಎಂದಳು.
"ಬಿಸಲಾಗ ಇಡಬಾರದಂತ."
ಮಡಚಿ ಕೂಸಿನ ಕುಲಾವಿಯ ಕೆಳಗಿಟ್ಟೆ.

ಹೊಟ್ಟೆಯ ಮೇಲೆ ಕಲೆಗಳು: ಮೊದಲು ಬದನೆ,
ಆಮೇಲೆ ಪಾಚಿ, ಆಮೇಲೆ ಅರಿಷಿಣ.
ಅಡ್ಡಗೀರಿದ ಹೊಲಿಗೆ. ಜಾಗ ಹುಡುಕಬೇಕು ದಿನಾ.
ಎರೆಯುವಾಗ ಅವ್ವ ಬಿಸಿನೀರು ಸುರಿದು
ಅಲ್ಲಿ ಮಾತ್ರ ಕೈ ತೇಲಿಸುತ್ತಾಳೆ.

ನಿನ್ನೆ ಮೊಸರು ಕೂಡಲಿಲ್ಲ. ನೀರು ನೀರು.
"ನಿನ್ನ ಔಷಧದ ಗಾಳಿ ಬಡದೈತಿ" ಎಂದಳು.
ನಕ್ಕಳು ಮೊದಲು ಅವಳೇ,
ನಾನು ಹೊಟ್ಟೆ ಒತ್ತಿ ಹಿಡಿದು ನಕ್ಕೆ,
ಹೊಲಿಗೆ ತಡೆಯಿತು.
ಹೆಪ್ಪು ಕಡ ತರಲು ಕತ್ತಲಲ್ಲೇ ಹೋದಳು
ಮೂರು ಮನೆ ದಾಟಿ. ಯಾರೂ ಕೊಡದ ಹೊತ್ತು ಅದು.
ತಂದಳು. ಸೆರಗಿನೊಳಗೆ, ಬೆರಳತುದಿಯಷ್ಟು.

ಎಂಟು ಹೊಡೆದಿತ್ತು. ನಾನು ಚಿವುಟಿ ಹಿಡಿದೆ,
ಎಣಿಸತೊಡಗಿದೆ. ನಾಲ್ಕಕ್ಕೆ ಅವಳ ದನಿ ಕೂಡಿತು.
ಹತ್ತಕ್ಕೆ ನಾನು ತೆಗೆದೆ, ಅವಳು ಮುಚ್ಚಳ ಮುಚ್ಚಿದಳು.
ಇದನ್ನು ತಿಕ್ಕಬಾರದು. ಅದನ್ನು ಅಲುಗಿಸಬಾರದು.

ಕಂದೀಲಿನ ಬತ್ತಿ ಇಳಿಸುತ್ತ, ಈ ಕಡೆಗೇ ತಿರುಗಿ,
"ಇನ್ನ ಎಷ್ಟ ಸೂಜಿ ಉಳದಾವ?" ಎಂದಳು.