ಹದಿನೇಳು ಅಂದರೆ ಯಾರು

ಪುರ್ಸು ತಾಂಡೇಲ ಹೇಳಿದ್ದನ್ನು ಹಾಗೇ ಬರೆದುಕೊಂಡೆ,
ಅಲಂಕಾರವಿಲ್ಲದ ಸಾದಾ ಕಡತದಲ್ಲಿ:
ದೇವಗಡದ ದೀಪಸ್ತಂಭದ ಹಿಂದೆ
ಸದಾಶಿವಗಡದ ನೆತ್ತಿ ಮರೆಯಾಯಿತೋ,
ನಿನ್ನ ಕಾಲಡಿ ನೀರೊಳಗೆ ಒಂದು ಕಲ್ಲು.
ಹೆಸರು ಮಾವ್ಶಿ.
ಬಲೆ ಬಿಟ್ಟರೆ ಹರಿದೇ ಕೊಡುತ್ತಾಳೆ.

ಇಂಥವು ನಲವತ್ತೊಂದು.
ಒಂದೊಂದಕ್ಕೂ ಒಂದು ವಿಭಾಗ, ನಾನೇ ಇಟ್ಟ ಲೇಬಲ್ಲು:
ಮಾವ್ಶಿ, ಕುಂಟ, ಎರಡು ಹಲ್ಲು, ಮಾಸ್ತರರ ಕೊಡೆ.
ಕುಂಟನ ಗುರುತಿಗೆ ಮಾವ್ಶಿಯನ್ನು ನೋಡಿ,
ಮಾವ್ಶಿಯ ಆಳಕ್ಕೆ ಎರಡು ಹಲ್ಲನ್ನು ನೋಡಿ.
ಒಂದೇ ಗುರುತು ನಂಬಿ ಹೊರಟವ
ಗೋವೆಗೆ ಹೋಗಿ ಮುಟ್ಟುತ್ತಾನೆ, ಎಂದಿದ್ದ ಪುರ್ಸು.

ದೋಣಿಗಳೆಲ್ಲ ದಡಕ್ಕೆ ಬಿದ್ದ ನಿಷೇಧದ ತಿಂಗಳು.
ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ ಕೂತು
ಕಡತವನ್ನು ಲೇಟೆಕ್‌ಗೆ ದಾಟಿಸಿದೆ.
ದಾಟಿಸುವ ಯಂತ್ರ ನಡುದಾರಿಯಲ್ಲಿ
ನನ್ನ ಹೆಸರು ಕಿತ್ತು ತನ್ನದು ಹಚ್ಚಿತ್ತು,
ಒಂಬತ್ತು ಸಿ ನಾಲ್ಕು ಎಫ್ ಅಂತೇನೋ,
ಇಲಾಖೆಯವರು ದೋಣಿಯ ಮೂತಿಗೆ ನಂಬರು ಬಳಿದ ಹಾಗೆ.
ತಲೆಬರಹಕ್ಕೆ ಹೊಸ ಹೆಸರು.
ನಾನು ಕೈಯಾರೆ ಬರೆದ ಉಲ್ಲೇಖ ಮಾತ್ರ
ಹಳೆಯ ಹೆಸರನ್ನೇ ಕೂಗುತ್ತಿತ್ತು.
ಹಾಳೆಯ ತುಂಬ:
ಗುರುತಿಗೆ ?? ನೋಡಿ.
ಆಳಕ್ಕೆ ?? ನೋಡಿ.

ಪುರ್ಸು ಬೆರಳಿಟ್ಟ. ಅಕ್ಷರ ಬಾರದು, ಅಂಕಿ ಬರುತ್ತದೆ.
‘ಇದೆಂಥದು, ಗಾಳವಾ?
ಎರಡೆರಡು ಕಟ್ಟಿದ್ದೀ, ಮೀನೇ ಇಲ್ಲ.’

ಹುಡುಕಿದರೆ ಒಂದೇ ಸಾಲಿನ ಮದ್ದು:
ಕೊಟ್ಟ ಹೆಸರನ್ನೇ ಉಳಿಸು.
ಉಳಿಸಿತು. ಉಳಿಸಿ ಗೊಣಗಿತು:
ಮಾವ್ಶಿ ಇಬ್ಬರಿದ್ದಾರೆ, ನಾನು ಕಡೆಯವಳನ್ನು ನಂಬಿದ್ದೇನೆ.

ಹೌದಲ್ಲ. ಮೂವತ್ತನೆಯದು ಮಾಜಾಳಿಯವರ ಮಾವ್ಶಿ.
ಮರೆತೇ ಹೋಗಿತ್ತು.
ನನ್ನ ಪುಸ್ತಕ ಹಿಡಿದು ಯಾರಾದರೂ ಹೋಗಿದ್ದರೆ
ಬೈತಖೋಲದ ದೋಣಿಯೆಲ್ಲ ಮಾಜಾಳಿಯ ಕಲ್ಲನ್ನು ತಪ್ಪಿಸಿ
ಸೀದಾ ನಮ್ಮವಳ ಮೇಲೆ.
ಆ ಗೀಚು ಹೆಸರುಗಳು ಯಾತಕ್ಕೆಂದು
ಆಗ ಹೊಳೆಯಿತು. ಯಂತ್ರಕ್ಕೆ ಹೆದರಿಕೆಯಿತ್ತು,
ನನಗೆ ಇರಲಿಲ್ಲ.

ಇಬ್ಬರಿಗೂ ಊರ ಹೆಸರು ಅಂಟಿಸಿದೆ. ಓಡಿಸಿದೆ.
ಮತ್ತೆ ಗಾಳಗಳೇ.
ಮೊದಲ ಓಟದಲ್ಲಿ ಅದು ಯಾರು ಎಲ್ಲಿ ಎಂದು
ಪಕ್ಕದ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಅಷ್ಟೆ;
ಎರಡನೆಯದರಲ್ಲಿ ಚೀಟಿ ಓದುತ್ತದೆ.
ಎರಡನೆಯದೂ ಓಡಿಸಿದೆ.

‘ಗುರುತಿಗೆ ವಿಭಾಗ ೧೭ ನೋಡಿ.’

ಪುರ್ಸು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.
‘ಹದಿನೇಳು ಅಂದರೆ ಯಾರು?’

ಮಾವ್ಶಿ, ಎಂದೆ.

‘ಮತ್ತೆ ಹಾಗೇ ಬರೆಯಬಹುದಿತ್ತಲ್ಲ.’