ಬಾಯಿಮತ

ಈಗ ಚೀಟಿ ಬಂದಿದೆ. ಮಡಚಿ, ಪೆಟ್ಟಿಗೆಯ ಸೀಳಿಗೆ ತುರುಕಿ
ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಾರೆ.
ನಾನು ಗುಮಾಸ್ತನಾಗಿ ಬರೆದುಕೊಂಡದ್ದು ಬಾಯಿಮಾತು,
ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ
ಕುರಿಜಿಡ್ಡು ಮೆತ್ತಿದ ಮೇಜಿನ ಮೇಲೆ,
ಐವತ್ತೈದರ ನವೆಂಬರಿನಲ್ಲಿ, ಹಿಮ ಕರಗಿ
ಹೊಳೆ ಕೆರಳಿದ್ದಾಗ.

ಯಾವ ಪಕ್ಷ ಎಂದು ಕೇಳುತ್ತೀ, ಹುಡುಗ.
ಪಕ್ಷವೇ? ಈ ದ್ವೀಪದಲ್ಲಿ ಹಕ್ಕಿಗೇ ಅದಿಲ್ಲ;
ಪೊದೆಯಡಿ ಮೂಗು ತೂರಿಸಿ ಓಡಾಡುವ
ರೆಕ್ಕೆಗೇಡಿಗೆ ಕಿವಿ ಎಂದು ಹೆಸರು.
ಆವತ್ತು ಕೊಟ್ಟಿಗೆಯ ತುಂಬ ಅದೇ,
ಬರೀ ಕಿವಿ.

ನಿಂತವರು ಇಬ್ಬರು.
ಹಾರ್ಗ್ರೇವ್, ನಲವತ್ತು ಸಾವಿರ ಎಕರೆ ಹುಲ್ಲಿನ ಒಡೆಯ.
ಟುಲಕ್, ಮೊಳೆ, ಚಹಾ, ಬೂಟು ಮಾರಿ ಸಾಲ ಬರೆಯುವವನು.
ಇಬ್ಬರೂ ಉಣ್ಣೆಮೂಟೆಯ ಮೇಲೆ ಹತ್ತಿ
ಸೇತುವೆ ಕಟ್ಟಿಸಿದರು.
ಒಬ್ಬನದು ಕಲ್ಲಿನದು, ಒಬ್ಬನದು ಮರದ್ದು.
ಕೆಜೈಯಾ ಪಿಮ್, ಹೋಟೆಲಿನ ಒಡತಿ,
ಮತವಿಲ್ಲದವಳು, ಬಾಗಿಲಿಗೊರಗಿ ಬೆರಳು ಮಡಿಸುತ್ತಿದ್ದಳು:
ಯಾವ ಲೋಟ ಯಾರ ಲೆಕ್ಕಕ್ಕೆ.

ಒಬ್ಬೊಬ್ಬನೇ ಬಂದು ಹೆಸರು ಹೇಳಿ, ಆಸ್ತಿ ಹೇಳಿ,
ತನ್ನವನನ್ನು ಕೂಗಬೇಕು.
ಕೂಗಿದರು. ಕೆಲವರು ಎರಡು ಸಲ, ಒಡೆಯನಿಗೆ ಕೇಳಲೆಂದು.
ಮೂರು ಗಂಟೆಗೆ ಹತ್ತಕ್ಕೆ ಒಂಬತ್ತು,
ಹಾರ್ಗ್ರೇವ್ ಮುಂದೆ.

ಆಗ ಬಂದ ಡಂಕನ್ ಗೆಡ್ಡಿಸ್, ಕುರಿಗಾಹಿ.
ವರ್ಷಕ್ಕೆ ಐದು ಪೌಂಡ್ ಬೆಲೆಯ ಗುಡಿಸಲು
ಹಾರ್ಗ್ರೇವನದು,
ಅದರೊಳಗಿನ ಹಿಟ್ಟು ಟುಲಕ್‌ನ ಸಾಲದ್ದು.
ಹಿಂದೆ ನಾಯಿ, ಮೊಣಕಾಲವರೆಗೂ ನೀರು.
ಬಾಯಿ ತೆರೆದ. ಏನೂ ಬರಲಿಲ್ಲ.
ಕೊರೆಯುವ ಮೌನದಲ್ಲಿ ಇಬ್ಬರು ಧಣಿಗಳೂ
ಅವನಿಗೆ ನಗೆ ಬೀರಿದರು.

“ಹೊರೊಮೊನ” ಅಂದ.

ಯಾರು, ಎಂದು ಕೇಳಿದರು ಅಧಿಕಾರಿ.
“ದೋಣಿಯವನು. ಇಲ್ಲಿರೋರನ್ನೆಲ್ಲ
ಬೆಳಿಗ್ಗೆ ಆ ದಡದಿಂದ ಈ ದಡಕ್ಕೆ ತಂದವನು.”

ಸೂರಿನ ಹಲಗೆ ಅಲುಗುವಷ್ಟು ನಕ್ಕರು.
ಹೊರೊಮೊನನ ನೆಲ ಅವನ ಕುಲದವರೆಲ್ಲರದು;
ಎಲ್ಲರದಾದ್ದರಿಂದ ಕಾನೂನಿಗೆ ಅದು ಯಾರದೂ ಅಲ್ಲ,
ಯಾರದೂ ಅಲ್ಲದ್ದರಿಂದ ಪಟ್ಟಿಯಲ್ಲಿ ಅವನಿಲ್ಲ.
ಅಸಿಂಧು, ಅಂದರು ಅಧಿಕಾರಿ. ಹೊಡೆದುಹಾಕು.
ಹೊಡೆದುಹಾಕಿದೆ, ಒಂದೇ ಗೆರೆ,
ಓದಲು ಬರುವಷ್ಟು ತೆಳ್ಳಗೆ.

ಗೆಡ್ಡಿಸ್ ಆ ವಾರವೇ ಕಂಬಳಿ ಸುತ್ತಿಕೊಂಡು
ದಕ್ಷಿಣಕ್ಕೆ ಹೋದನೆಂದರು. ನಾಯಿ ಹಾರ್ಗ್ರೇವನಲ್ಲಿ ಉಳಿಯಿತು.
ನಾನು ಅವನಿಗೊಂದು ಕಾಗದ ಬರೆಯಬೇಕೆಂದುಕೊಂಡೆ.
ಬರೆಯಲಿಲ್ಲ.

ಆ ಸಂಜೆ ಪುಸ್ತಕವನ್ನು ಎದೆಗವಚಿ ದೋಣಿ ಹತ್ತಿದೆ.
ಗೆದ್ದದ್ದು ಯಾರು, ಎಂದ ಹೊರೊಮೊನ.
ಹೇಳಿದೆ. ಆಮೇಲೆ, ಏನನ್ನಿಸಿತೋ,
“ನಿನಗೂ ಒಂದು ಬಿತ್ತು” ಅಂದೆ.

ನಡುಹೊಳೆಯಲ್ಲಿ ಹುಟ್ಟು ಒಂದು ಕ್ಷಣ ತಡೆಯಿತು.
ದೋಣಿ ಅಡ್ಡಕ್ಕೆ ತಿರುಗಿತು, ನಾನು ಅಂಚು ಹಿಡಿದುಕೊಂಡೆ.
ಅವನು ನಗಲಿಲ್ಲ. ಯಾರು ಎಂದೂ ಕೇಳಲಿಲ್ಲ.
ದಡ ಮುಟ್ಟಿದ ಮೇಲೆ ಅಂಗೈ ಚಾಚಿ,
“ಆರು ಪೆನ್ಸ್” ಅಂದ.
ಬೆಳಿಗ್ಗೆ ಮೂರಿತ್ತು.