ತುಂಗಮ್ಮ, ವಯಸ್ಸು ನಲವತ್ತಾರು

ದುರ್ಗಿಗುಡಿಯ ಅಡ್ಡರಸ್ತೆ, ಮೆಟ್ಟಿಲ ಕೆಳಗಿನ ಲ್ಯಾಬು.
ಬೆಳಗ್ಗೆ ಆರೂವರೆಗೇ ಖಾಲಿ ಹೊಟ್ಟೆಯವರ ಸಾಲು.
ಮುಷ್ಟಿ ಬಿಗಿಮಾಡಿ, ಉಸಿರು ಬಿಡಿ, ಆಯ್ತು, ಹತ್ತಿ ಒತ್ತಿ ಹಿಡೀರಿ:
ಇಪ್ಪತ್ತೊಂದು ವರ್ಷ ಇದೇ ನನ್ನ ಜಪ.
ಕಾಣದ ನರವನ್ನೂ ಬೆರಳ ತುದಿಯಲ್ಲಿ ಕೇಳಿಸಿಕೊಳ್ಳುತ್ತೇನಂತೆ,
ಹೊಳೆಹೊನ್ನೂರಿನಿಂದಲೂ ಬರುತ್ತಾರೆ,
ಫಿಲೋಮಿನಕ್ಕನೇ ಚುಚ್ಚಲಿ ಅಂತ.

ಆ ಕೈಯೇ ಮೇಲೇಳದಾಯಿತು ಕಳೆದ ಈಸ್ಟರಿನ ಹೊತ್ತಿಗೆ.
ಜಡೆ ಹೆಣೆಯಲಾಗದು, ಅಟ್ಟದ ಡಬ್ಬಿ ಎಟುಕದು.
ಆರು ತಿಂಗಳು ವಿಶ್ರಾಂತಿ, ಅಂದರು ಮೂಳೆ ಡಾಕ್ಟರು,
ಭುಜಕ್ಕೂ ಸಂಬಳಕ್ಕೂ ಸಂಬಂಧವೇ ಇಲ್ಲವೆಂಬಂತೆ.

ಮೊದಲು ಡಿ ಬಂದಳು, ವಾರಕ್ಕೊಂದು ಗುಳಿಗೆ.
ಒಬ್ಬಳೇ ಬರಲಿಲ್ಲ, ಕೆ-ಟು ಅನ್ನು ಕರೆತಂದಳು,
ಕೆ-ಟು ಹಿಂದೆ ಮೆಗ್ನೀಸಿಯಂ, ಸತು, ಮೀನೆಣ್ಣೆ,
ಊಟಕ್ಕೆ ಒಬ್ಬರನ್ನು ಕರೆದರೆ ಬೀದಿಯೇ ಬಂದ ಹಾಗೆ.
ಆಮೇಲೆ ಜಿಮ್ಮಿನ ರೋಷನ್ ಒಂದು ಸೀಸೆ ತಂದುಕೊಟ್ಟ.
ಪೆಪ್ಟೈಡು ಅಕ್ಕಾ, ಹರಿದದ್ದನ್ನು ಹೊಲಿಯುತ್ತೆ.
ಉಗುರಷ್ಟು ಬಿಳಿಯ ಪುಡಿ,
ಮೂರಕ್ಷರ, ಮೂರಂಕಿಯ ಹೆಸರು,
ಕೆಳಗೆ ಸಣ್ಣದಾಗಿ: ಸಂಶೋಧನೆಗೆ ಮಾತ್ರ. ಮನುಷ್ಯರಿಗಲ್ಲ.
ಓದಿ ನಕ್ಕುಬಿಟ್ಟೆ.
ಸಂಶೋಧಕಿಯೂ ನಾನೇ, ಇಲಿಯೂ ನಾನೇ;
ಮನುಷ್ಯಳು ಸ್ವಲ್ಪ ಹೊತ್ತು ಆಚೆ ಕೂತಿರಲಿ.

ಗಂಗಾಸ್ನಾನ, ತುಂಗಾಪಾನ ಅಂತಾರೆ ನಮ್ಮಲ್ಲಿ.
ಈ ಪುಡಿಗೆ ತುಂಗೆ ಆಗದು, ಬೇರೆಯದೇ ನೀರು,
ಸೀಸೆಯ ಗೋಡೆಗುಂಟ ಇಳಿಸಬೇಕು, ಅಲುಗಿಸಬಾರದು.
ಹಸುಗೂಸನ್ನು ಮೀಯಿಸುವಾಗಲೂ ನಾನು ಇಷ್ಟು ಮೆಲ್ಲಗಿರಲಿಲ್ಲ.
ಫ್ರಿಜ್ಜಿನ ಬಾಗಿಲಲ್ಲಿ, ಸಿಗಡಿ ಉಪ್ಪಿನಕಾಯಿಯ ಪಕ್ಕ,
ಹಳೆಯ ಕನ್ನಡಕದ ಡಬ್ಬಿಯೊಳಗೆ ಅದರ ವಾಸ.
ರಾತ್ರಿ ಹತ್ತಕ್ಕೆ, ಗಂಡ ಸುದ್ದಿ ನೋಡುತ್ತಿರುವಾಗ,
ಹೊಕ್ಕುಳಿಂದ ಎರಡು ಬೆರಳಾಚೆ.
ಸಾವಿರಾರು ಜನರನ್ನು ಚುಚ್ಚಿದವಳು
ಮೊದಲ ಸಲ ಕಣ್ಣು ಮುಚ್ಚಿಕೊಂಡೆ.

ಐದನೇ ವಾರ ಜಡೆ ಹೆಣೆದೆ.
ನೋಟುಬುಕ್ಕಿನಲ್ಲಿ ಹತ್ತಕ್ಕೆ ಎಂಟಿದ್ದ ನೋವು ನಾಲ್ಕು.
ಯಾವುದರಿಂದ? ಆ ಕಾಲಂ ಗೆರೆ ಎಳೆದಿಟ್ಟಿದ್ದೆ, ಖಾಲಿ.
ಪುಡಿಯೋ, ಗುಳಿಗೆಯೋ,
ನೀರಿನ ಕ್ಯಾನು ಎತ್ತಲು ಹುಡುಗನನ್ನು ಇಟ್ಟುಕೊಂಡದ್ದೋ,
ಸುಮ್ಮನೆ ದಿನ ಕಳೆದದ್ದೋ.
ಏನೂ ತಗೊಳ್ಳದ ಇನ್ನೊಬ್ಬ ಫಿಲೋಮಿನಾ
ಪಕ್ಕದ ಮನೆಯಲ್ಲಿದ್ದಿದ್ದರೆ ಹೋಗಿ ಕೇಳಬಹುದಿತ್ತು:
ನಿನ್ನ ಭುಜ ಹೇಗಿದೆ ಮಾರಾಯ್ತಿ?

ಅವಳಿಲ್ಲದ್ದಕ್ಕೇ ಇರಬೇಕು, ಒಬ್ಬಳನ್ನು ಹುಟ್ಟಿಸಿದೆ.
ತಿಂಗಳಿಗೊಮ್ಮೆ ಮಧ್ಯಾಹ್ನ, ಲ್ಯಾಬು ಬಿಡುವಾದಾಗ,
ಎಡತೋಳಿಗೆ ರಬ್ಬರು ಸುತ್ತಿ, ತುದಿ ಹಲ್ಲಲ್ಲಿ ಕಚ್ಚಿ,
ನನ್ನದೇ ಎರಡು ಟ್ಯೂಬು ತೆಗೆಯುತ್ತಿದ್ದೆ.
ಟ್ಯೂಬಿಗೆ ಹೆಸರು ಬೇಕಲ್ಲ, ಕ್ಯಾನಿನ ಚೀಟಿ ನೋಡಿ ಬರೆದೆ:
ತುಂಗಮ್ಮ, ವಯಸ್ಸು ನಲವತ್ತಾರು, ಊರು ಗಾಜನೂರು.
ತುಂಗಮ್ಮನ ಡಿ ಹನ್ನೊಂದರಿಂದ ಅರವತ್ತೆರಡಕ್ಕೆ ಏರಿತು. ಭಲೇ ಅಂದೆ.
ಕಬ್ಬಿಣ ಚೆನ್ನ, ಸಕ್ಕರೆ ಚೆನ್ನ.
ನಾಲ್ಕನೇ ತಿಂಗಳು ಯಂತ್ರ ಅವಳ ಲಿವರಿನ ಅಂಕಿಯನ್ನು
ದಪ್ಪಕ್ಷರದಲ್ಲಿ ಉಗುಳಿತು.
ಮತ್ತೊಮ್ಮೆ ಹಾಕಿದೆ. ಅಷ್ಟೇ ದಪ್ಪ.

ಸಹಿಗೆ ಹೋದ ರಾಶಿಯಲ್ಲಿ ಅದೂ ಹೋಗಿಬಿಟ್ಟಿತ್ತು.
ಸಂಜೆ ಮಹಡಿಯಿಂದ ಇಳಿದು ಬಂದರು ಡಾಕ್ಟರ್ ಶ್ರೀವಲ್ಲಿ,
ಕನ್ನಡಕ ಹಣೆಗೇರಿಸಿ:
ಯಾರಿದು ಗಾಜನೂರಿನ ತುಂಗಮ್ಮ?
ಕುಡೀತಾಳಾ? ನಾಟಿ ಮದ್ದು ಏನಾದ್ರೂ?
ಫೋನ್ ಹಾಕಿ ಕೇಳು, ಏನೇನು ತಗೊಳ್ತಿದಾಳೆ ಅಂತ.
ಎಲ್ಲ ಪೊಟ್ಟಣ ಹಿಡ್ಕೊಂಡು ನಾಳೆನೇ ಬರಲಿ.
ಬೈಬೇಡ ಮತ್ತೆ. ಹೆದರಿಸಿದ್ರೆ ಇಂಥವರು ಸುಳ್ಳು ಹೇಳ್ತಾರೆ.

ಹೂಂ ಮೇಡಂ, ಅಂದೆ.
ಅವರು ಅಲ್ಲೇ ನಿಂತಿದ್ದರು.
ರಿಜಿಸ್ಟರು ತೆರೆದು, ನಾನೇ ಬರೆದಿದ್ದ ಹತ್ತು ಅಂಕಿಗಳನ್ನು
ಲ್ಯಾಬಿನ ಫೋನಿನಲ್ಲಿ ಒಂದೊಂದಾಗಿ ಒತ್ತಿದೆ.
ಎತ್ತರದ ಮೊಳೆಗೆ ನೇತುಹಾಕಿದ್ದ ನನ್ನ ಚೀಲ
ನಡುಗತೊಡಗಿತು.
ಬಲಗೈ ಎತ್ತಿದೆ.
ಎಟುಕಿತು.